ಅನ್ವಯವಾಯ್ತು, ತಾತ್ಪರ್ಯಕ್ಕೆ ಬರೋಣ

ನಗಿಸುವುದು ಸುಸ್ತಿನ ಕೆಲಸ. ಇದನ್ನು ತತ್ತ್ವ ಎಂದು ಹೇಳುತ್ತಿಲ್ಲ. ಸೌದೆ ಒಡೆದು ಬಂದವನು ‘ಅಯ್ಯಪ್ಪಾ, ರಟ್ಟೆ’ ಅನ್ನುವ ಹಾಗೆ ಹೇಳುತ್ತಿದ್ದೇನೆ. ಐವತ್ತರ ದಶಕದಲ್ಲಿ ನಾನು ಹೊಳೆನರಸೀಪುರದ ಒಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಆಗ ಮೂರು ವರ್ಷ, ತಿಂಗಳಿಗೊಂದು ಶನಿವಾರ ಸಂಜೆ, ಆ ಊರನ್ನು ನಗಿಸುವ ಹೊರೆಯನ್ನು ನನ್ನ ತಲೆಯ ಮೇಲೆ ನಾನೇ ಹೊತ್ತುಕೊಂಡಿದ್ದೆ. ಯಾರೂ ಹೊರು ಅಂದಿರಲಿಲ್ಲ. ಇಳಿಸು ಅಂದವರೂ ಇರಲಿಲ್ಲ, ಅದೇ ಕಷ್ಟವಾದದ್ದು.

ಮೇಷ್ಟರುಗಳು, ತಾಲ್ಲೂಕು ಕಚೇರಿಯ ಗುಮಾಸ್ತರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಒಂದು ಕಡೆಗೆ ಜೋಡಿಸಿ, ಎರಡು ಜಮಖಾನ ಕಟ್ಟಿ ಪರದೆ ಮಾಡಿ, ಮುಕ್ಕಾಲು ಗಂಟೆಯ ಒಂದು ಪ್ರಹಸನ. ಕಥೆ ಪ್ರತಿ ತಿಂಗಳೂ ಬೇರೆ; ಮನೆ ಮಾತ್ರ ಅದೇ. ‘ಅಚ್ಚಣ್ಣನ ಮನೆ’ ಅಂತ ಹೆಸರು. ಅಚ್ಚಣ್ಣ, ಅವನ ತಾಯಿ, ಹೆಂಡತಿ, ಹಾಲಿನವನು, ಹೊರಗಿನ ಕೋಣೆಯಲ್ಲಿ ಬಾಡಿಗೆಗಿರುವ ಕಿಟ್ಟಣ್ಣ. ಇಷ್ಟೇ ಜನ. ಒಂದು ತಿಂಗಳು ಆ ಮನೆಗೆ ನೆಂಟರು ಬರುತ್ತಾರೆ, ಇನ್ನೊಂದು ತಿಂಗಳು ಬೆಕ್ಕು ಕಳೆದುಹೋಗುತ್ತದೆ. ಜನಕ್ಕೆ ಆ ಮನೆ ಎಷ್ಟು ಬಳಕೆಯಾಯಿತೆಂದರೆ, ಸಂತೆಯಲ್ಲಿ ಸಿಕ್ಕವರು ‘ಅಚ್ಚಣ್ಣನ ತಾಯಿಗೆ ಮಂಡಿನೋವು ಹೇಗಿದೆ?’ ಅಂತ ನನ್ನನ್ನು ಕೇಳುತ್ತಿದ್ದರು. ಆ ತಾಯಿಯ ಪಾತ್ರ ನಮ್ಮ ಡ್ರಾಯಿಂಗ್ ಮೇಷ್ಟರದು. ಅವರು ಮೀಸೆ ತೆಗೆಯಲು ಖಡಾಖಂಡಿತವಾಗಿ ಒಪ್ಪಲಿಲ್ಲ. ಆದ್ದರಿಂದ ಅಚ್ಚಣ್ಣನ ತಾಯಿ ಮೂರು ವರ್ಷವೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಜಗಳವಾಡಿದಳು. ‘ಎಂಥ ಮರ್ಯಾದಸ್ಥ ಹೆಂಗಸು’ ಎಂದು ಊರಿನ ಹಿರಿಯರು ಮೆಚ್ಚಿಕೊಂಡಿದ್ದರು.

ಬಾಡಿಗೆಯ ಕಿಟ್ಟಣ್ಣ ನಾನೇ. ಬರೆಯುವವನೂ ನಾನೇ ಆಗಿದ್ದರಿಂದ ಒಳ್ಳೆಯ ಮಾತುಗಳೆಲ್ಲ ಕಿಟ್ಟಣ್ಣನಿಗೇ ಹೋಗುತ್ತಿದ್ದವು. ಅವನ ಹಾಸ್ಯವೆಲ್ಲ ವ್ಯಾಕರಣದ್ದು. ಡಬ್ಬಿಯಲ್ಲಿ ಆರು ಕೋಡುಬಳೆ ಇದ್ದದ್ದು ನಾಲ್ಕಾದರೆ ಅವನು ‘ಲೋಪಸಂಧಿ ಆಗಿದೆಯಮ್ಮಾ’ ಅನ್ನುತ್ತಿದ್ದ. ಹೇಳದೆ ಕೇಳದೆ ನೆಂಟರು ಬಂದರೆ ಆಗಮಸಂಧಿ. ಅಚ್ಚಣ್ಣನ ಹೆಂಡತಿ ಬಾಯಿ ತೆರೆದರೆ ಆದೇಶಸಂಧಿ. ‘ಈ ಮನೆ ಬಹುವ್ರೀಹಿ ಸಮಾಸ, ಅತ್ತೆಯೂ ಮುಖ್ಯವಲ್ಲ, ಸೊಸೆಯೂ ಮುಖ್ಯವಲ್ಲ, ಎರಡಕ್ಕೂ ಹೊರಗಿನ ಹಾಲಿನವನು ಮುಖ್ಯ’ ಎಂದ ದಿನ ಶಾಲೆಯ ಹೆಂಚು ಹಾರಿಹೋಗುವ ಹಾಗೆ ನಕ್ಕರು. ನಾಲ್ಕಕ್ಷರ ಕಲಿತವರು, ದೇವಸ್ಥಾನದ ಬೀದಿಯವರು, ನಮ್ಮ ಶಾಲೆಯಲ್ಲೇ ಓದಿ ಮುಗಿಸಿದವರು ಹೆಚ್ಚಾಗಿದ್ದ ಊರು. ಹೊಸದಾಗಿ ವರ್ಗವಾಗಿ ಬಂದ ದಕ್ಷಿಣ ಕನ್ನಡದ ಪಶುವೈದ್ಯರೊಬ್ಬರು ಮಾತ್ರ ಗುರುತಿಲ್ಲದವರ ಮದುವೆಯಲ್ಲಿ ಪಂಕ್ತಿಗೆ ಕೂತವರ ಹಾಗೆ ಅತ್ತಿತ್ತ ನೋಡುತ್ತಿದ್ದರು. ಮುಗಿದ ಮೇಲೆ ನನ್ನ ಹತ್ತಿರ ಬಂದು, ‘ಎಂತಕ್ಕೆ ಮಾರಾಯ್ರೆ ಎಲ್ಲ ನಗಾಡಿದ್ದು?’ ಅಂದರು. ವಿವರಿಸಿದೆ. ಕರಿದ ಹಪ್ಪಳಕ್ಕೆ ನೀರು ಚಿಮುಕಿಸಿದ ಹಾಗಾಯಿತು. ‘ಹೌದಾ’ ಎಂದು ಹೊರಟುಹೋದರು.

ಇಷ್ಟು ವ್ಯಾಕರಣ ಭೂಗೋಳದ ಮೇಷ್ಟರಿಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಪಕ್ಕದ ಕೋಣೆಯಿಂದ ಬಂತು. ನನ್ನ ತರಗತಿಗೂ ಕನ್ನಡ ಪಂಡಿತ ವರದಯ್ಯನವರ ತರಗತಿಗೂ ನಡುವೆ ಇದ್ದದ್ದು ಬರೀ ಒಂದು ಬಿದಿರು ತಟ್ಟಿ. ನಾನು ಹುಡುಗರಿಗೆ ನಕ್ಷೆ ಬರೆಯಲು ಹೇಳಿ ಕುರ್ಚಿಯಲ್ಲಿ ಒರಗಿಕೊಂಡರೆ ತಟ್ಟಿಯಾಚೆಯಿಂದ ಪಂಡಿತರ ದನಿ ಬರುತ್ತಿತ್ತು. ಬಡಕಲು ಮನುಷ್ಯ, ದೊಡ್ಡ ರುಮಾಲು, ಎಲ್ಲ ಕಾಲದಲ್ಲೂ ಕೈಯಲ್ಲೊಂದು ಛತ್ರಿ. ಪದ್ಯವನ್ನು ರಾಗವಾಗಿ ಓದುವರು, ಪದಗಳನ್ನು ಬಿಡಿಸುವರು, ಗದ್ಯದ ಸಾಲಿನಂತೆ ಜೋಡಿಸುವರು. ಆಮೇಲೆ ಒಂದು ಕ್ಷಣ ನಿಲ್ಲಿಸಿ, ‘ಅನ್ವಯವಾಯ್ತು, ತಾತ್ಪರ್ಯಕ್ಕೆ ಬರೋಣ’ ಅನ್ನುವರು. ಇಪ್ಪತ್ತು ವರ್ಷದಿಂದ ಪ್ರತಿ ಪದ್ಯಕ್ಕೂ ಇದೇ ಮಾತು. ಊರಿನಲ್ಲಿ ಮೂವತ್ತೈದು ದಾಟದ ಯಾರೇ ಆಗಲಿ, ಅಂಗಡಿಯಲ್ಲಿ ಕೂತವನಾಗಲಿ ಕಚೇರಿಯಲ್ಲಿ ಕೂತವನಾಗಲಿ, ಆ ಮಾತನ್ನು ಸಾವಿರ ಸಲ ಕೇಳಿ ಬೆಳೆದವನು.

ಅಂಥ ಮಾತು ನಗಿಸುವವನ ಕಣ್ಣಿಗೆ ಬಿದ್ದರೆ ಉಳಿಯುತ್ತದೆಯೇ? ಒಂದು ಶನಿವಾರ ಅತ್ತೆ ಸೊಸೆಗೆ ಹಿತ್ತಲಿನ ನುಗ್ಗೇಮರದ ವಿಷಯದಲ್ಲಿ ಭಾರಿ ಜಗಳ. ಐದು ನಿಮಿಷ ಇಬ್ಬರೂ ಒಟ್ಟಿಗೆ ಕಿರುಚಿ, ಉಸಿರು ತೆಗೆದುಕೊಳ್ಳಲು ನಿಂತಾಗ, ಕಿಟ್ಟಣ್ಣ ಕೋಣೆಯಿಂದ ತಲೆ ಹೊರಗೆ ಹಾಕಿ, ಮೂಗಿನಲ್ಲಿ ಸ್ವಲ್ಪ ರಾಗ ಎಳೆದು ಹೇಳಿದ: ‘ಅನ್ವಯವಾಯ್ತು, ತಾತ್ಪರ್ಯಕ್ಕೆ ಬರೋಣ.’

ಅಂಥ ನಗುವನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ತಾಲ್ಲೂಕಿನ ಅಮಲ್ದಾರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಪಂಡಿತರು ಎರಡನೇ ಸಾಲಿನಲ್ಲಿದ್ದರು. ಎಲ್ಲರೂ ಅವರ ಕಡೆ ತಿರುಗಿದಾಗ ಅವರೂ ನಕ್ಕರು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಮುಂದಿನ ತಿಂಗಳಿಂದ ಆ ಮಾತಿಲ್ಲದೆ ಅಚ್ಚಣ್ಣನ ಮನೆಯ ಯಾವ ಜಗಳವೂ ಮುಗಿಯಲಿಲ್ಲ. ನಾನು ಬಾಗಿಲ ಬಳಿ ಬಂದು ನಿಂತರೆ ಸಾಕು, ಹಾಲಿಗೆ ಹಾಲೇ ಮೊದಲೇ ನಗುತ್ತಿತ್ತು.

ಮಾತು ಹಾಲಿನಿಂದ ಹೊರಗೆ ನಡೆಯಿತು. ಸೊಪ್ಪು ಮಾರುವವಳು ಪಂಡಿತರಿಗೆ ಕಂತೆ ಕೊಟ್ಟು, ‘ತಾತ್ಪರ್ಯ ಏನ್ ಸಾಮಿ?’ ಅಂದಳಂತೆ. ಹೇಮಾವತಿಯಲ್ಲಿ ಸ್ನಾನ ಮುಗಿಸಿ ಬರುವಾಗ ಯಾರೋ ಆಚೆ ದಡದಿಂದ ಅದನ್ನೇ ಕೂಗಿದರಂತೆ. ಇವೆಲ್ಲ ನನಗೆ ಬಂದದ್ದು ತಮಾಷೆಯ ಸುದ್ದಿಯಾಗಿ. ನನ್ನ ಗೆಲುವಿನ ಸುದ್ದಿಯಾಗಿ. ತಟ್ಟಿಯಾಚೆಗೆ ಏನಾಯಿತೆಂಬುದು ಮಾತ್ರ ನನಗೇ ಕೇಳಿಸಿತು. ಪಂಡಿತರು ‘ಅನ್ವಯವಾಯ್ತು’ ಅನ್ನುವಷ್ಟರಲ್ಲಿ ನಲವತ್ತು ಹುಡುಗರು ಉಳಿದದ್ದನ್ನು ಒಕ್ಕೊರಲಿನಿಂದ ಮುಗಿಸಿ ಕಿಸಕ್ಕೆಂದರು. ಕೆಲವು ದಿನ ಅವರು ಗದರಿದರು. ಆಮೇಲೆ ಆ ಮಾತನ್ನು ಬಿಟ್ಟು ಬೇರೆ ಏನೋ ಹೇಳಿ ನೋಡಿದರು; ನಾಲಿಗೆ ತಡವರಿಸಿತು. ಕೊನೆಗೆ ಪದ್ಯ ಓದುವುದು, ಪದ ಬಿಡಿಸುವುದು, ಜೋಡಿಸುವುದು. ಅಲ್ಲಿಗೆ ನಿಲ್ಲಿಸಿ ಮುಂದಿನ ಪದ್ಯ. ತಾತ್ಪರ್ಯವನ್ನು ಹೇಳುವುದನ್ನೇ ಬಿಟ್ಟರು. ನಾನು ಕುರ್ಚಿಯಲ್ಲಿ ಒರಗಿ ಕೂತು ಅದನ್ನೂ ಕೇಳಿದೆ. ಎದ್ದು ಪಕ್ಕದ ಕೋಣೆಗೆ ಹೋಗಲು ಹತ್ತು ಹೆಜ್ಜೆ ಸಾಕಿತ್ತು. ಹೋಗಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಪಂಡಿತರು ಇರಲಿಲ್ಲ. ಅರಕಲಗೂಡಿಗೆ ವರ್ಗ ಕೇಳಿ ಹೋದರೆಂದು ಹೆಡ್‌ಮೇಷ್ಟರು ಹೇಳಿದರು. ‘ಹವಾ ಒಗ್ಗಲಿಲ್ಲ ಅಂತ ಬರೆದಿದ್ರಪ್ಪ. ಇಪ್ಪತ್ತು ವರ್ಷ ಒಗ್ಗಿತ್ತು.’

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕಮಲು ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ.

‘ನನ್ನಿಂದಲೇ ಹೋದರು ಅಂತೀಯಾ?’ ಅಂದೆ.

‘ಅವರೇನೋ ವರ್ಗ ಮಾಡಿಸಿಕೊಂಡರು’ ಅಂದಳು. ‘ಅಚ್ಚಣ್ಣನ ಹೆಂಡತಿ ಮಾತೆಲ್ಲ ನಾನು ಮನೇಲಿ ಆಡಿದ್ದೇ ಅಂತ ಬೀದೀಗೇ ಗೊತ್ತು. ನಾನೆಲ್ಲಿಗೆ ವರ್ಗ ಮಾಡಿಸಿಕೊಂಡು ಹೋಗಲಿ?’

ಇದು ಒಳ್ಳೆಯ ಮಾತು, ಮುಂದಿನ ತಿಂಗಳಿಗೆ ಆಗುತ್ತದೆ ಎಂದು ನನ್ನ ಮನಸ್ಸು ಆ ಗಳಿಗೆಯಲ್ಲೂ ಎತ್ತಿಟ್ಟುಕೊಂಡಿತು. ನಗಿಸುವವನ ರೋಗ ಎಷ್ಟು ಮುಂದುವರಿದಿತ್ತು ನೋಡಿ.

ಮುಂದಿನ ವರ್ಷ ಅರಕಲಗೂಡಿನ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ‘ಅಚ್ಚಣ್ಣನ ಮನೆ’ಯನ್ನು ಕರೆದರು. ಪಂಡಿತರ ಶಾಲೆಯೇ ಅದು ಎಂದು ಪತ್ರ ಓದಿದ ಮೇಲೆ ತಿಳಿಯಿತು. ಬರುವುದಿಲ್ಲ ಎಂದು ಬರೆಯಬಹುದಿತ್ತು. ಆದರೆ ನನಗೂ ನಮ್ಮ ಗುಂಪಿಗೂ ಊರಾಚೆಯ ಮೊದಲ ಕರೆ ಅದು. ಡ್ರಾಯಿಂಗ್ ಮೇಷ್ಟರು ಆಗಲೇ ಚನ್ನರಾಯಪಟ್ಟಣದಿಂದ ಹೊಸ ಜಡೆ ತರಿಸಿಬಿಟ್ಟಿದ್ದರು. ನುಗ್ಗೇಮರದ ಜಗಳವನ್ನೇ ಆಡುವುದೆಂದು ಎಲ್ಲರೂ ಸೇರಿ ನಿಶ್ಚಯಿಸಿದರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಪಕ್ಕದಲ್ಲಿ ನಮ್ಮ ಶಾಲೆಯ ಜವಾನ ಜವರಪ್ಪ ಕೂತಿದ್ದ. ದುದ್ದ ಎಂಬ ಹಳ್ಳಿಯವನು, ಹಾಲಿನವನ ಪಾತ್ರಕ್ಕೆ ಹಳ್ಳಿಯ ಮಾತು ಯಾವ ಮೇಷ್ಟರ ಬಾಯಲ್ಲೂ ಹೊರಳದೆ ಅವನನ್ನು ಎಳೆದುಕೊಂಡಿದ್ದೆವು. ಊರು ದಾಟಿದ ಮೇಲೆ ಅವನೇ ಮಾತು ಶುರುಮಾಡಿದ.

‘ಸಾ, ಒಂದ್ ಮಾತು ಏಳ್ಲಾ? ಕ್ವಾಪ ಮಾಡ್ಕಬ್ಯಾಡಿ. ಅಲ್ಲಿ ನಿಮ್ ಸಂದಿ ಗಿಂದಿಗೆ ಯಾರೂ ನಗಾಕಿಲ್ಲ ಕಣ್ಸಾ. ಸುತ್ತಮುತ್ತ ಒಲದವ್ರು ಬತ್ತಾರೆ.’

‘ಮತ್ತೆ ಏನಪ್ಪ ಮಾಡೋದು?’

‘ಪಂಡಿತ್ರುದ್ದು ಒಂದೈತಲ್ಲ, ಅದೊಂದ್ ಸಾಕು. ಅವ್ರು ಅಲ್ಲೇ ಅವ್ರೆ. ಅಲ್ಲಿ ಐಕ್ಳೂ ಅದ್ನೇ ಕೇಳ್ತಾ ಅವೆ. ಬಿದ್ ಬಿದ್ ನಗ್ತಾರೆ.’

‘ಆ ಮಾತು ಇವತ್ತು ಹೇಳಲ್ಲ ಜವರಪ್ಪ.’

ಅವನು ‘ಅಂಗಂತೀರಾ’ ಅಂದು ಕಿಟಕಿಯ ಕಡೆ ತಿರುಗಿದ. ಡ್ರಾಯಿಂಗ್ ಮೇಷ್ಟರಿಗೂ ಮಿಕ್ಕವರಿಗೂ ನಾನು ಹೇಳಲಿಲ್ಲ. ಹೇಳಿದ್ದರೆ ವಾದವಾಗುತ್ತಿತ್ತು, ವಾದದಲ್ಲಿ ನಾನು ಸೋಲುತ್ತಿದ್ದೆ. ಸೋಲಬೇಕೆಂಬ ಆಸೆಯೂ ಒಳಗೆಲ್ಲೋ ಇತ್ತು.

ಮಧ್ಯಾಹ್ನ ಮೂರಕ್ಕೆ ಪರದೆ ಸರಿಯಿತು. ಚಪ್ಪರದ ಕೆಳಗೆ ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಕುರ್ಚಿ ಬೆಂಚುಗಳಲ್ಲಿ ದೊಡ್ಡವರು, ಅವರ ಹಿಂದೆ ಮಲ್ಲಿಪಟ್ಟಣದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಹಳ್ಳಿಯವರು. ಕುರ್ಚಿಗಳ ಮೊದಲ ಸಾಲಿನ ಕೊನೆಯಲ್ಲಿ ರುಮಾಲು ಕಂಡಿತು. ಎರಡು ಕೈಯನ್ನೂ ಛತ್ರಿಯ ಹಿಡಿಯ ಮೇಲಿಟ್ಟುಕೊಂಡು ಪಂಡಿತರು ನೆಟ್ಟಗೆ ಕೂತಿದ್ದರು.

ಜವರಪ್ಪ ಹೇಳಿದ್ದು ಅಕ್ಷರಶಃ ನಿಜವಾಯಿತು. ನಮ್ಮೂರಿನಲ್ಲಿ ಅಚ್ಚಣ್ಣ ಕೆಮ್ಮಿದರೂ ನಗುತ್ತಿದ್ದರು. ಇಲ್ಲಿ ಅಚ್ಚಣ್ಣ ಯಾರೋ ಏನೋ. ಆಗಮಸಂಧಿ ಹೇಳಿದೆ, ಎಲ್ಲೋ ಮಗು ಅತ್ತಿತು. ಆದೇಶಸಂಧಿ ಹೇಳಿ, ನಗುವಿಗಾಗಿ ಕೊಂಚ ನಿಂತೆ. ಹಿಂದಿನಿಂದ ಒಬ್ಬರು ‘ಮಾತು ಮರ್ತೋದ ಪಾಪ’ ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಆ ಪಶುವೈದ್ಯರೊಬ್ಬರೇ ಇನ್ನೂರು ಜನವಾಗಿ ನನ್ನ ಮುಂದೆ ಕೂತಿದ್ದ ಹಾಗಿತ್ತು.

ಕೋಡುಬಳೆಯ ಡಬ್ಬಿ ತೆರೆದು ಅಚ್ಚಣ್ಣನ ತಾಯಿ ಅರಚಿಕೊಂಡಳು. ನಾನು, ಯಾರಾದರೂ ನಗುತ್ತಾರೆಂಬ ಆಸೆಯಿಲ್ಲದೆ, ಹೇಳಿ ಮುಗಿಸುವ ದನಿಯಲ್ಲಿ ‘ಲೋಪಸಂಧಿ ಆಗಿದೆಯಮ್ಮಾ’ ಅಂದೆ.

ಒಬ್ಬರು ನಕ್ಕರು. ಬಾಯಿ ತುಂಬ, ಹೆಗಲು ಕುಣಿಯುವ ಹಾಗೆ. ಪಂಡಿತರು.

ಅವರ ಪಕ್ಕದಲ್ಲಿದ್ದ ದಪ್ಪ ಮೀಸೆಯ ಗೌಡರೊಬ್ಬರು ಬಗ್ಗಿ, ‘ಏನಂದ ಸಾಮಿ ಅವ್ನು?’ ಎಂದು ಕೇಳಿದರು. ಪಂಡಿತರು ದನಿ ತಗ್ಗಿಸಿಯೇ ಹೇಳಿದರು, ಆದರೆ ಇಪ್ಪತ್ತು ವರ್ಷ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಪಳಗಿದ ದನಿ ಎಷ್ಟು ತಗ್ಗೀತು? ‘ಎರಡು ಮಾತು ಸೇರೋವಾಗ ಮಧ್ಯೆ ಒಂದು ಅಕ್ಷರ ಮಾಯವಾಗತ್ತೆ ಗೌಡರೇ, ಅದಕ್ಕೆ ಲೋಪಸಂಧಿ ಅಂತಾರೆ. ಕೋಡುಬಳೇನೂ ಹಾಗೇ ಮಾಯ ಆಗಿದೆ ಅಂತ ಹೇಳ್ತಾನೆ.’

ಗೌಡರು ಒಂದು ಗಳಿಗೆ ಯೋಚಿಸಿದರು. ‘ಓಹೋ! ಅವ್ನೇ ನುಂಗ್ಬುಟ್ಟವ್ನೆ ಅನ್ನಿ!’ ಎಂದು ತೊಡೆ ತಟ್ಟಿದರು. ಹಿಂದಕ್ಕೆ ತಿರುಗಿ, ‘ನುಂಗ್ಬುಟ್ಟವ್ನಂತೆ ಕಣ್ಲಾ!’ ಅಂದರು. ಆ ಸಾಲು ನಕ್ಕಿತು, ಅದರ ಹಿಂದಿನ ಸಾಲಿಗೆ ಹೇಳಿತು. ಗದ್ದೆಗೆ ತೂಬು ತೆಗೆದ ಹಾಗೆ ನಗು ಒಂದೊಂದೇ ಪಾತಿ ತುಂಬಿಕೊಂಡು ಹಿಂದಕ್ಕೆ ಹರಿದು, ಗಾಡಿಗಳ ಹತ್ತಿರ ನಿಂತವರನ್ನು ಮುಟ್ಟುವ ಹೊತ್ತಿಗೆ ನಾವು ಬೇರೆ ಮಾತಿಗೆ ಹೋಗಿದ್ದೆವು. ಅಲ್ಲಿಂದ ಮುಂದೆ ಪ್ರತಿ ಮಾತಿಗೂ ಜನ ಮೊದಲು ಪಂಡಿತರ ಮುಖ ನೋಡುವರು. ಅವರು ನಕ್ಕರೆ, ಇದು ನಗುವ ಮಾತು ಎಂದು ತಿಳಿದು, ಗೌಡರ ವರದಿಗೆ ಕಾಯುವರು.

ಆಮೇಲೆ ಜವರಪ್ಪ ಬಂದ. ಅವನು ಊಟದ ಬಿಡುವಿನಲ್ಲಿ ಬಸ್ ನಿಲ್ದಾಣದ ಹತ್ತಿರ ಸುತ್ತಾಡಿ ಬಂದದ್ದು ಯಾತಕ್ಕೆಂದು ಆಗ ಗೊತ್ತಾಯಿತು. ಹಾಲು ತಡವಾಯಿತೆಂದು ಸೊಸೆ ಬೈದರೆ, ನಾನು ಬರೆದಿದ್ದ ಮಾತನ್ನು ಬಿಟ್ಟು, ‘ಏನ್ ಮಾಡನವ್ವಾ, ಮಲ್ಲಿಪಟ್ಣದ್ ಬಸ್ಸಲ್ ಬಂದೆ. ಅರ್ಧ ದಾರಿ ಅದು ನಮ್ನ ಒತ್ಕಂಬಂತು, ಇನ್ನರ್ಧ ನಾವು ಅದ್ನ ತಳ್ಕಂಬಂದೊ’ ಅಂದ. ಚಪ್ಪರ ಅದುರಿತು. ಗೌಡರು ಕುರ್ಚಿಯಿಂದ ಎದ್ದೇ ನಿಂತರು. ಈಗ ಅರ್ಥ ಕೇಳುವ ಸರದಿ ಪಂಡಿತರದು. ಗೌಡರು ಅವರ ಕಿವಿಯಲ್ಲಿ ಬಸ್ಸಿನ ಕಥೆ ಹೇಳಿದರು, ಪಂಡಿತರು ಮತ್ತೆ ಹೆಗಲು ಕುಣಿಸಿದರು.

ಇಷ್ಟು ಹದವಾಗಿದ್ದ ಸಭೆಯ ಮುಂದೆ ಅತ್ತೆ ಸೊಸೆ ನುಗ್ಗೇಮರದ ಜಗಳಕ್ಕೆ ಬಿದ್ದರು. ಕಿರುಚಿದರು, ಉಸಿರಿಗಾಗಿ ನಿಂತರು. ನಾನು ಕೋಣೆಯಿಂದ ತಲೆ ಹೊರಗೆ ಹಾಕಿದೆ.

ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಬಾರದೆಂದು ಬೆಳಗಿನಿಂದ ಮಾಡಿದ್ದ ನಿರ್ಧಾರ ಎಲ್ಲಿ ಹೋಯಿತೋ. ಚಾಪೆಯ ಮೇಲೆ ಅವರ ಶಿಷ್ಯರು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಟ್ಟರೆ ಆ ನೂರು ಮಕ್ಕಳಿಗೆ ಯಾರ ವಿವರಣೆಯೂ ಬೇಕಿರಲಿಲ್ಲ. ನಾನು ಪಂಡಿತರ ಕಡೆ ನೋಡಿದೆ. ನಗು ನಿಂತಿತ್ತು. ಛತ್ರಿಯ ಹಿಡಿಯ ಮೇಲಿನ ಬೆರಳುಗಳು ಬಿಗಿದಿದ್ದವು. ಏಟಿಗೆ ಕೈಯೊಡ್ಡಿ ನಿಂತ ಹುಡುಗ ಬೆತ್ತವನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು.

ಮಾತನ್ನು ನುಂಗಿದೆ. ನುಂಗಿದ್ದೇನೋ ಆಯಿತು, ಅದರ ಜಾಗದಲ್ಲಿ ಇಡಲು ಇನ್ನೊಂದು ಮಾತು ಇರಲಿಲ್ಲ. ಸುಮ್ಮನೆ ನಿಂತೆ. ಆ ಮಾತು ಬಂದ ಮೇಲೆಯೇ ಒಳಗೆ ಹೋಗಬೇಕಾಗಿದ್ದ ಅಚ್ಚಣ್ಣನ ತಾಯಿ ಸೆರಗಿನೊಳಗಿಂದ ‘ಹೇಳ್ರೀ, ಹೇಳ್ರೀ’ ಎಂದು ಗಂಡು ದನಿಯಲ್ಲಿ ಪಿಸುಗುಟ್ಟಿದಳು. ಸೊಸೆ ಕೈ ಎತ್ತಿದವಳು ಎತ್ತಿದ ಹಾಗೇ ಇದ್ದಳು. ಕೊನೆಗೆ ಜವರಪ್ಪ ಯಾರೂ ಕರೆಯದೆ ಒಳಗೆ ನುಗ್ಗಿ, ‘ಅವ್ವಾ, ಚೊಂಬು ಮರ್ತಿದ್ದೆ ಕಣವ್ವಾ’ ಎಂದು, ಹೋಗುವಾಗ ನನ್ನ ತೋಳು ಹಿಡಿದು, ‘ನೀವೂ ಬನ್ನಿ ಸಾಮಿ, ಎಂಗುಸ್ರು ಜಗ್ಳದಾಗೆ ನಿಮ್ಗೇನ್ ಕೆಲ್ಸ’ ಎಂದು ಎಳೆದುಕೊಂಡು ಹೋದ. ಜನ ಅದಕ್ಕೂ ನಕ್ಕರು.

ಆಟ ಮುಗಿದ ಮೇಲೆ ಪಂಡಿತರು ಬಂದು ನನ್ನೊಬ್ಬನನ್ನೇ ಮನೆಗೆ ಕರೆದರು. ಪಕ್ಕದ ಬೀದಿಯಲ್ಲೇ ಮನೆ. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ಪಂಡಿತರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

‘ಒಂದು ಮಾತು ನುಂಗಿಬಿಟ್ಟಿರಿ, ಮೇಷ್ಟ್ರೇ’ ಅಂದರು.

‘ಮೊದಲೇ ನುಂಗಬೇಕಾಗಿತ್ತು ಪಂಡಿತರೇ. ತಪ್ಪಾಯಿತು.’

ಅದಕ್ಕೆ ಅವರು ‘ಅಯ್ಯೋ, ಅದಕ್ಕೇನು ಬಿಡಿ’ ಅಂದಾರೆಂದು ಕಾದೆ. ಅನ್ನಲಿಲ್ಲ.

‘ನನ್ನನ್ನ ನೋಡಿ ನಗಲಿ, ಅದು ದೊಡ್ಡದಲ್ಲ. ರುಮಾಲಿಗೆ ನಗ್ತಿದ್ದರು, ಛತ್ರಿಗೆ ನಗ್ತಿದ್ದರು. ಆದರೆ ಪದ್ಯ ಬಿಡಿಸಿಟ್ಟು ಅರ್ಥ ಹೇಳೋದಕ್ಕೆ ಮುಂಚೆ ಒಂದು ಗಳಿಗೆ ಇರತ್ತೆ ನೋಡಿ, ಆಗ ಹುಡುಗರು ನಿಶ್ಶಬ್ದವಾಗಿರ್ತಾರೆ. ಆ ನಿಶ್ಶಬ್ದಕ್ಕೋಸ್ಕರವೇ ನಾನು ಆ ಮಾತು ಹೇಳ್ತಿದ್ದದ್ದು. ನಿಮ್ಮ ನಾಟಕ ಆದ ಮೇಲೆ ಅಲ್ಲಿಗೆ ನಗು ಬಂದು ಕೂತುಬಿಡ್ತು. ಎಷ್ಟು ಮಾಡಿದರೂ ಏಳಲಿಲ್ಲ. ಇಲ್ಲಿ ಮತ್ತೆ ಆ ಮಾತು ಹೇಳ್ತಿದೀನಿ. ಇವತ್ತು ನೀವು ಅದನ್ನ ಅಂದುಬಿಟ್ಟಿದ್ದರೆ ಇನ್ನು ಯಾವ ಊರಿಗೆ ಹೋಗೋದು ಅಂತ ಯೋಚಿಸ್ತಾ ಕೂತಿದ್ದೆ.’

‘ಹೆದರಿಕೊಂಡು ಕೂತಿದ್ದೋರು ಲೋಪಸಂಧಿಗೆ ಯಾಕೆ ನಕ್ಕಿರಿ? ನನ್ನನ್ನ ಉಳಿಸೋದಕ್ಕಾ?’

‘ಉಳಿಸೋದೇನು ಬಂತು’ ಅಂದರು. ‘ಅದು ಚೆನ್ನಾಗಿತ್ತು.’

ಬಾಗಿಲವರೆಗೂ ಬಂದರು. ಇನ್ನೊಮ್ಮೆ ಬನ್ನಿ ಎಂದು ಮಾತ್ರ ಹೇಳಲಿಲ್ಲ. ಅವರನ್ನು ನಾನು ಕಂಡದ್ದು ಅದೇ ಕೊನೆ.

ಮುಂದಿನ ತಿಂಗಳು ಹೊಳೆನರಸೀಪುರದ ನಮ್ಮ ಹಾಲಿನಲ್ಲಿ ಎಂದಿನಂತೆ ಜಗಳವಾಯಿತು, ಕಿಟ್ಟಣ್ಣ ಬಾಗಿಲಿಗೆ ಬಂದ, ಮಾತು ಬರಲಿಲ್ಲ. ಸಭೆ ಕಾದಿತು. ಹಿಂದಿನ ಬೆಂಚಿನಿಂದ ‘ತಾತ್ಪರ್ಯ! ತಾತ್ಪರ್ಯ!’ ಎಂದು ಕೂಗು ಶುರುವಾಯಿತು. ಇನ್ನು ಆ ಮಾತನ್ನು ಹೇಳುವುದಿಲ್ಲ, ಅದರಿಂದ ಒಬ್ಬರಿಗೆ ನೋವಾಗಿದೆ ಎಂದು ಸಭೆಗೆ ಗಂಭೀರವಾಗಿ ಹೇಳಬೇಕೆಂದು ನಾಲ್ಕು ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ವೇದಿಕೆಯ ಅಂಚಿಗೆ ಬಂದು ಕೈ ಎತ್ತಿದೆ. ಬಾಯಿಂದ ಬಂದದ್ದು: ‘ಆ ಮಾತಿಗೆ ಅರಕಲಗೂಡಿಗೆ ವರ್ಗವಾಗಿದೆ.’

ಹಾಲು ಹುಚ್ಚೆದ್ದು ನಕ್ಕಿತು. ಅಮಲ್ದಾರರು ಮತ್ತೆ ಕರವಸ್ತ್ರ ತೆಗೆದರು. ನಾನು ಅಲ್ಲೇ ನಿಂತಿದ್ದೆ. ಇಪ್ಪತ್ತು ಮೈಲಿ ದೂರದಲ್ಲಿರುವ ಆ ಮನುಷ್ಯನನ್ನು, ಕ್ಷಮೆ ಕೇಳಲು ಹೊರಟ ಬಾಯಿಂದಲೇ ಮತ್ತೊಮ್ಮೆ ನಗೆಗೀಡು ಮಾಡಿದ್ದೆ. ಆವತ್ತು ಹತ್ತಿದ ಸುಸ್ತು ಕೈಕಾಲಿನದಾಗಿದ್ದರೆ ಎಣ್ಣೆನೀರು ಹಾಕಿಕೊಂಡರೆ ಹೋಗುತ್ತಿತ್ತು.

ಅಚ್ಚಣ್ಣನ ಮನೆಗೆ ಬೀಗ ಹಾಕಿದೆ. ಡ್ರಾಯಿಂಗ್ ಮೇಷ್ಟರು ಆ ಜಡೆಯನ್ನು ಏನು ಮಾಡುವುದೆಂದು ಬಹಳ ದಿನ ಕೇಳುತ್ತಿದ್ದರು. ಅದಾದ ಮೇಲೆ ಏಳೆಂಟು ವರ್ಷ ಕಳೆದು, ಯಾರದೋ ಬಲವಂತಕ್ಕೆ, ಇನ್ನೊಂದು ನಾಟಕ ಬರೆದುಕೊಟ್ಟೆ. ಅದರಲ್ಲಿದ್ದ ಗಂಡ ಹೆಂಡತಿ, ಮೇಷ್ಟ್ರು, ಅಂಗಡಿಯವನು, ಯಾರ ಮಾತೂ ಯಾರದೂ ಅಲ್ಲದ ಹಾಗೆ ಎಚ್ಚರದಿಂದ ತೊಳೆದು ಒಣಗಿಸಿ ಬರೆದಿದ್ದೆ. ಯಾರೂ ಯಾರನ್ನೂ ಗುರುತಿಸಲಿಲ್ಲ. ಯಾರೂ ಅಷ್ಟಾಗಿ ನಗಲೂ ಇಲ್ಲ. ಮುಗಿದಾಗ ಎಲ್ಲರೂ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು. ನಾನು ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ಬಹಳ ವರ್ಷಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.